‘ಅಕಾಲ’ ಶಬ್ದದ ಅರ್ಥವಿಚಾರ: ಕಡಬದ ತಾಮ್ರಶಾಸನದ ಹಿನ್ನೆಲೆಯಲ್ಲಿ

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ರೈತರ ಮಾತಿನಲ್ಲಿ ‘ಅಕಾಲದ ಮಳೆ’ ಎಂಬುದು ಹಾನಿಯ ಸೂಚಕ. ಕೊಯ್ದ ರಾಗಿ ಹೊಲದಲ್ಲಿರುವಾಗ ಸುರಿಯುವ ಮಳೆಯನ್ನು ಯಾರೂ ಹೊಗಳಲಾರರು. ಆದರೆ ಇದೇ ಸೀಮೆಯಲ್ಲಿ ದೊರೆತ ಒಂದು ಪ್ರಾಚೀನ ಶಾಸನದಲ್ಲಿ ‘ಅಕಾಲವರ್ಷ’ ಎಂಬುದು ಚಕ್ರವರ್ತಿಯೊಬ್ಬನ ಹೆಮ್ಮೆಯ ಬಿರುದಾಗಿದೆ. ಒಂದೇ ಶಬ್ದವು ಒಂದೆಡೆ ಉತ್ಪಾತವನ್ನೂ ಇನ್ನೊಂದೆಡೆ ಉತ್ಕರ್ಷವನ್ನೂ ಹೇಳುವುದು ಹೇಗೆ? ಹಸ್ತಪ್ರತಿಗಳನ್ನು ಸಂಪಾದಿಸುವವರಿಗೂ ಟೀಕೆಗಳನ್ನು ಅನುವಾದಿಸುವವರಿಗೂ ಈ ಪ್ರಶ್ನೆ ಮುಖ್ಯವಾದುದರಿಂದ ಇಲ್ಲಿ ಅದನ್ನು ಸಂಕ್ಷೇಪವಾಗಿ ವಿಚಾರಿಸಲಾಗಿದೆ.

ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ದೊರೆತ ತಾಮ್ರಶಾಸನವು ರಾಷ್ಟ್ರಕೂಟ ಪ್ರಭೂತವರ್ಷ ಮುಮ್ಮಡಿ ಗೋವಿಂದನದು. ಕಾಲ ಶಕ 735. ಕುನುಂಗಿಲ್ ದೇಶವನ್ನು, ಎಂದರೆ ಇಂದಿನ ಕುಣಿಗಲ್ ಪ್ರದೇಶವನ್ನು, ಆಳುತ್ತಿದ್ದ ಚಾಲುಕ್ಯವಂಶದ ವಿಮಲಾದಿತ್ಯನಿಗೆ ಶನಿಪೀಡೆ ಉಂಟಾಗಿತ್ತು. ಯಾಪನೀಯ ನಂದಿಸಂಘದ ಪುನ್ನಾಗವೃಕ್ಷಮೂಲಗಣಕ್ಕೆ ಸೇರಿದ, ವಿಜಯಕೀರ್ತಿಯ ಶಿಷ್ಯರಾದ ಅರ್ಕಕೀರ್ತಿ ಮುನಿಗಳು ಅದನ್ನು ಪರಿಹರಿಸಿದರು. ಅದಕ್ಕಾಗಿ ವಿಮಲಾದಿತ್ಯನ ಸೋದರಮಾವ, ಗಂಗಮಂಡಲದ ಅಧಿಪತಿ ಚಾಕಿರಾಜನು ವಿಜ್ಞಾಪಿಸಿಕೊಳ್ಳಲು, ಮಾನ್ಯಪುರದ ಶಿಲಾಗ್ರಾಮದ ಜಿನೇಂದ್ರಭವನಕ್ಕೆ ಜಾಲಮಂಗಲವೆಂಬ ಗ್ರಾಮವು ದತ್ತವಾಯಿತು. ಮಾನ್ಯಪುರವು ನೆಲಮಂಗಲ ತಾಲ್ಲೂಕಿನ ಮಣ್ಣೆಯೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ.

ಈ ಶಾಸನದ ವಂಶಾವಳಿಯಲ್ಲಿ ಬರುವ ಹೆಸರುಗಳು ಗಮನಾರ್ಹ: ವೈರಮೇಘ, ಅಕಾಲವರ್ಷ, ಪ್ರಭೂತವರ್ಷ, ಧಾರಾವರ್ಷ. ಎಲ್ಲವೂ ಮೇಘ ಮತ್ತು ಮಳೆಯ ರೂಪಕಗಳೇ. ಹೇರಳವಾಗಿ ಸುರಿಯುವವನು ಪ್ರಭೂತವರ್ಷ, ಧಾರೆಯಾಗಿ ಸುರಿಯುವವನು ಧಾರಾವರ್ಷ. ಈ ಸಾಲಿನಲ್ಲಿ ನಿಲ್ಲುವ ಅಕಾಲವರ್ಷನು ‘ಕೆಟ್ಟ ಕಾಲದಲ್ಲಿ ಸುರಿಯುವವನು’ ಆಗಲಾರ. ಮೋಡವು ತನ್ನ ಋತುವಿಗಾಗಿ ಕಾಯುತ್ತದೆ, ಈತನ ದಾನವಾದರೋ ಋತುವಿಗಾಗಿ ಕಾಯದು ಎಂಬುದೇ ಬಿರುದಿನ ತಾತ್ಪರ್ಯ. ಇಲ್ಲಿ ಅಕಾಲವರ್ಷನೆಂದರೆ ಒಂದನೆಯ ಕೃಷ್ಣ. ಇದೇ ಬಿರುದು ಇಮ್ಮಡಿ ಕೃಷ್ಣನಿಗೂ ಮುಮ್ಮಡಿ ಕೃಷ್ಣನಿಗೂ ಇದ್ದುದರಿಂದ ಬಿರುದೊಂದನ್ನೇ ನೋಡಿ ಕಾಲನಿರ್ಣಯ ಮಾಡುವುದು ಸಲ್ಲದು. ಉತ್ತರಪುರಾಣದ ಪ್ರಶಸ್ತಿಯಲ್ಲಿ ಬರುವ ಅಕಾಲವರ್ಷನು ಇಮ್ಮಡಿ ಕೃಷ್ಣನೆಂದು ತಿಳಿಯುವುದು ಅಲ್ಲಿಯೇ ಹೇಳಿರುವ ಶಕ 820ರಿಂದಲೂ ಬಂಕಾಪುರದ ಲೋಕಾದಿತ್ಯನ ಉಲ್ಲೇಖದಿಂದಲೂ.

ವೈಯಾಕರಣರು ‘ನಞ್’ಗೆ ಸಾದೃಶ್ಯ, ಅಭಾವ, ಅನ್ಯತ್ವ, ಅಲ್ಪತ್ವ, ಅಪ್ರಾಶಸ್ತ್ಯ, ವಿರೋಧ ಎಂದು ಆರು ಅರ್ಥಗಳನ್ನು ಹೇಳುತ್ತಾರೆ. ಹಿಂದಿಯಲ್ಲಿ ‘ಅಕಾಲ’ವೆಂದರೆ ಕ್ಷಾಮ, ಅಲ್ಲಿ ಅಪ್ರಾಶಸ್ತ್ಯದ ಅರ್ಥವೇ ರೂಢಿಯಾಗಿ ನಿಂತಿದೆ. ಕನ್ನಡದಲ್ಲಿ ಅದಕ್ಕೆ ಬರ, ಬರಗಾಲ ಎಂಬ ಬೇರೆ ಮಾತುಗಳಿವೆ. ನಮ್ಮ ಗ್ರಂಥಗಳ ‘ಅಕಾಲ’ದಲ್ಲಿ ಪ್ರಧಾನವಾದುದು ಅನ್ಯತ್ವ: ಪ್ರಸ್ತುತ ವಸ್ತುವಿಗೆ ನಿಯತವಾದ ಕಾಲಕ್ಕಿಂತ ಬೇರೆಯಾದ ಕಾಲ. ಒಳಿತು ಕೆಡಕುಗಳು ಆ ವಸ್ತುವಿನಿಂದ ಬರುತ್ತವೆ, ಶಬ್ದದಿಂದಲ್ಲ.

ಆಗಮಪ್ರಯೋಗಗಳು ಇದನ್ನೇ ಸಮರ್ಥಿಸುತ್ತವೆ. ತಿಲೋಯಪಣ್ಣತ್ತಿಯ ಪ್ರಕಾರ ಜಿನರ ಮಾಹಾತ್ಮ್ಯದಿಂದ ವನವು ಅಕಾಲದಲ್ಲಿ ಚಿಗುರು, ಹೂ, ಹಣ್ಣುಗಳಿಂದ ತುಂಬುತ್ತದೆ, ಇದು ಅತಿಶಯ. ಮೂಲಾಚಾರದ ಪ್ರಕಾರ ಸಂಧ್ಯೆ, ಗ್ರಹಣ, ಉಲ್ಕಾಪಾತಾದಿಗಳ ಸಮಯವು ಸೂತ್ರಗ್ರಂಥಗಳ ಸ್ವಾಧ್ಯಾಯಕ್ಕೆ ಅಕಾಲ, ಇದು ನಿಷೇಧ. ಆದರೆ ಆರಾಧನಾದಿ ಗ್ರಂಥಗಳ ಪಠನಕ್ಕೆ ಅದೇ ಸಮಯ ಅಕಾಲವಲ್ಲ. ಒಂದೇ ಮುಹೂರ್ತವು ಒಂದು ಗ್ರಂಥಕ್ಕೆ ಅಕಾಲ, ಮತ್ತೊಂದಕ್ಕೆ ಕಾಲ. ಶಬ್ದದ ಸಾಪೇಕ್ಷತೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

‘ಅಕಾಲಮರಣ’ದ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಕೊನೆಯ ಸೂತ್ರವು ದೇವನಾರಕರು, ಚರಮೋತ್ತಮದೇಹಿಗಳು, ಅಸಂಖ್ಯೇಯ ವರ್ಷಗಳ ಆಯುಷ್ಯವುಳ್ಳವರು ಇವರ ಆಯುಷ್ಯವು ಅನಪವರ್ತ್ಯವೆನ್ನುತ್ತದೆ. ಉಳಿದವರ ಆಯುಷ್ಯವು ವಿಷಶಸ್ತ್ರಾದಿ ನಿಮಿತ್ತಗಳಿಂದ ಮೊದಲೇ ಕ್ಷಯಿಸಬಹುದೆಂಬುದು ಫಲಿತಾರ್ಥ. ರಾಜವಾರ್ತಿಕದಲ್ಲಿ ಅಕಲಂಕದೇವರು ಕೊಡುವ ದೃಷ್ಟಾಂತ ಮಾವಿನ ಹಣ್ಣಿನದು: ಉಪಾಯದಿಂದ ಅದು ಪಾಕಕಾಲಕ್ಕೆ ಮೊದಲೇ ಹಣ್ಣಾಗುತ್ತದೆ. ಅಕಾಲಮರಣವೇ ಇಲ್ಲವಾದರೆ ಆಯುರ್ವೇದವು ವ್ಯರ್ಥವಾದೀತೆಂಬುದೂ ಅವರ ಯುಕ್ತಿ. ಇಲ್ಲಿ ‘ಅಕಾಲ’ವು ಬಂಧಕಾಲದ ಸ್ಥಿತಿಯನ್ನು ಅಪೇಕ್ಷಿಸಿ ಹೇಳಿದ ಮಾತು, ಕಾರಣವಿಲ್ಲದೆ ನಡೆದುದೆಂಬ ಅರ್ಥ ಅದಕ್ಕಿಲ್ಲ. ನಿಮಿತ್ತ ಕೂಡಿಬಂದಾಗಲೇ ಅದು ಘಟಿಸುತ್ತದೆ. ಸರ್ವಜ್ಞರ ಜ್ಞಾನದಲ್ಲಿ ಎಲ್ಲವೂ ನಿಶ್ಚಿತವೆಂಬ ವಚನಕ್ಕೂ ಇದಕ್ಕೂ ವಿರೋಧವನ್ನು ಕಲ್ಪಿಸುವವರು ಈ ಅಪೇಕ್ಷಾಭೇದವನ್ನು ನೋಡಬೇಕು.

ಹಾಗೆಯೇ ನಿಸಿಧಿಶಾಸನಗಳ ಸಮಾಧಿಮರಣವನ್ನು ‘ಅಕಾಲಮರಣ’ವೆಂದು ಅನುವಾದಿಸುವುದು ದೋಷ. ರತ್ನಕರಂಡಕದಲ್ಲಿ ಸಮಂತಭದ್ರರು ಉಪಸರ್ಗ, ದುರ್ಭಿಕ್ಷ, ಜರೆ, ರೋಗಗಳು ನಿಷ್ಪ್ರತೀಕಾರವಾದಾಗ ಮಾತ್ರ ಸಲ್ಲೇಖನೆಯನ್ನು ವಿಧಿಸಿದ್ದಾರೆ. ಅಕಾಲಮರಣವು ಆಯುಷ್ಯದ ಕ್ಷಯವನ್ನು ಕುರಿತ ಪದ. ಸಲ್ಲೇಖನೆಯು ವ್ರತಿಯ ಆಚರಣೆಯನ್ನು ಕುರಿತುದು. ಇವೆರಡನ್ನು ಬೆರೆಸಿದರೆ ವ್ರತವು ಅಪಘಾತವಾಗಿ ಕಾಣುತ್ತದೆ.

ಲಿಪಿಕಾರರ ಒಂದು ಸ್ಖಲನವನ್ನೂ ಇಲ್ಲಿ ಸೂಚಿಸಬೇಕು. ‘ಅಕಾಲಿಕ’, ‘ಆಕಾಲಿಕ’ಗಳು ಓಲೆಗರಿಯಲ್ಲಿ ಸುಲಭವಾಗಿ ಅದಲುಬದಲಾಗುತ್ತವೆ. ದೀರ್ಘಾದಿಯಾದ ಪದಕ್ಕೆ ಋತುವಲ್ಲದಾಗ ತೋರಿದ್ದು ಎಂಬ ಅರ್ಥವಿರುವಂತೆ, ಪಾಣಿನೀಯದಲ್ಲಿ ಹುಟ್ಟಿದೊಡನೆ ಅಳಿಯುವ, ಮಿಂಚಿನಂತಹ ವಸ್ತು ಎಂಬ ಅರ್ಥವೂ ಇದೆ. ಮನುಸ್ಮೃತಿಯ ಅನಧ್ಯಾಯಪ್ರಕರಣದಲ್ಲಿ ‘ಆಕಾಲಿಕ’ವೆಂದರೆ ಮರುದಿನದ ಅದೇ ವೇಳೆಯವರೆಗೆ ವ್ಯಾಪಿಸುವುದು. ಪ್ರಕರಣವನ್ನು ನೋಡದೆ ಹ್ರಸ್ವವಾಗಿ ತಿದ್ದಿದರೆ, ಅಧ್ಯಯನವನ್ನು ಎಷ್ಟು ಹೊತ್ತು ನಿಲ್ಲಿಸಬೇಕೆಂಬ ವಿಧಿಯೇ ಅಳಿಸಿಹೋಗುತ್ತದೆ.

ಆದುದರಿಂದ ‘ಅಕಾಲ’ವು ಬಂದಲ್ಲೆಲ್ಲ ಸಂಪಾದಕರು ಮೊದಲು ‘ಯಾವುದರ ಕಾಲ?’ ಎಂದು ಕೇಳಿಕೊಳ್ಳುವುದು ಉಚಿತ. ದಾನಕ್ಕೆ, ಹೂವಿಗೆ, ಓದಿಗೆ, ಆಯುಷ್ಯಕ್ಕೆ ಬೇರೆ ಬೇರೆ ಉತ್ತರಗಳು ದೊರೆಯುತ್ತವೆ. ಕುನುಂಗಿಲ್ ದೇಶದ ವಿಮಲಾದಿತ್ಯನ ಶನಿಕಾಲವು ಮುನಿಯೊಬ್ಬರ ಅನುಗ್ರಹದಿಂದ ಕಳೆಯಿತೆಂದು ನಂಬಿ ಬರೆಸಿದ ಶಾಸನದಲ್ಲಿಯೇ ಅಕಾಲವರ್ಷನ ಹೆಸರೂ ಇರುವುದು ಯಾದೃಚ್ಛಿಕವಿರಬಹುದು. ಆದರೂ ನಿಯತಕಾಲವನ್ನು ಮೀರುವುದು ಯಾವಾಗಲೂ ಅನಿಷ್ಟವೆಂದು ನಮ್ಮ ಪೂರ್ವಿಕರು ಭಾವಿಸಲಿಲ್ಲವೆಂಬುದಕ್ಕೆ ಕಡಬದ ತಾಮ್ರಪಟಗಳು ಸಾಕ್ಷಿಯಾಗಿವೆ.