ಚೆಸ್‌ನಲ್ಲಿ ನಡೆಯೇ ಇಲ್ಲದ ರಾಜ ಸೋತಂತೆಯೇ? ಸ್ಟೇಲ್‌ಮೇಟ್ ಅಂದರೆ ಏನು?

ನಿಮ್ಮ ಬಳಿ ಮಂತ್ರಿ ಇದೆ, ಎದುರಾಳಿಗೆ ಉಳಿದಿರುವುದು ರಾಜ ಒಂದೇ. ಇನ್ನೇನು ಗೆದ್ದೆ ಎಂದು ಒಂದು ನಡೆ ನಡೆಸುತ್ತೀರಿ, ಮೊಬೈಲ್ ಪರದೆ ಮೇಲೆ 'ಡ್ರಾ' ಎಂದು ಬರುತ್ತದೆ! ಆಪ್ ಮೋಸ ಮಾಡಿತು ಅನ್ನಿಸುವುದು ಸಹಜ. ಆದರೆ ಅದು ಮೋಸವಲ್ಲ, ಸ್ಟೇಲ್‌ಮೇಟ್.

ರಾಜನಿಗೆ ಚೆಕ್ ಇದ್ದು ತಪ್ಪಿಸಿಕೊಳ್ಳಲು ದಾರಿ ಇಲ್ಲದಿದ್ದರೆ ಚೆಕ್‌ಮೇಟ್, ಅಂದರೆ ಸೋಲು. ಚೆಕ್ ಇಲ್ಲ, ಆದರೆ ಸರದಿ ಬಂದವರಿಗೆ ನಿಯಮದ ಪ್ರಕಾರ ಒಂದು ನಡೆಯೂ ಉಳಿದಿಲ್ಲ ಎಂದರೆ ಸ್ಟೇಲ್‌ಮೇಟ್. ಆಟ ಅಲ್ಲಿಗೇ ಮುಗಿಯುತ್ತದೆ, ಇಬ್ಬರಿಗೂ ಅರ್ಧ ಅಂಕ. ರಾಜನಿಗೆ ಜಾಗವಿಲ್ಲ ಎಂಬುದಷ್ಟೇ ಸಾಲದು. ಎಲ್ಲೋ ಒಂದು ಕಾಲಾಳು ಒಂದು ಮನೆ ಮುಂದೆ ಹೋಗಬಹುದಾದರೂ ಅದು ಸ್ಟೇಲ್‌ಮೇಟ್ ಅಲ್ಲ, ಆ ಕಾಲಾಳನ್ನು ನಡೆಸಲೇಬೇಕು.

ಹಲಗೆ ಇದ್ದರೆ ಇಟ್ಟು ನೋಡಿ. ಕಪ್ಪು ರಾಜ ಎಚ್8ರಲ್ಲಿ, ಬಿಳಿ ಮಂತ್ರಿ ಜಿ6ರಲ್ಲಿ, ಬಿಳಿ ರಾಜ ದೂರದ ಎ1ರಲ್ಲಿ. ಕಪ್ಪಿನ ಸರದಿ. ಜಿ8, ಜಿ7, ಎಚ್7 ಮೂರೂ ಮಂತ್ರಿಯ ಹಿಡಿತದಲ್ಲಿವೆ, ಎಚ್8ಕ್ಕೆ ಮಾತ್ರ ಚೆಕ್ ಇಲ್ಲ. ಡ್ರಾ! ಮಂತ್ರಿ ಇ7ರಲ್ಲಿ, ಅಂದರೆ 'ಇ' ಸಾಲಿನ ಏಳನೇ ಮನೆಯಲ್ಲಿ ನಿಂತಿದ್ದರೆ ಕಪ್ಪು ರಾಜ ಎಚ್8, ಜಿ8ರ ನಡುವೆ ಓಡಾಡುತ್ತಲೇ ಇರಬೇಕು. ಅಷ್ಟರಲ್ಲಿ ನಿಮ್ಮ ರಾಜನನ್ನು ಜಿ6ಕ್ಕೆ ತಂದು, ಮಂತ್ರಿಯನ್ನು ಜಿ7ಕ್ಕೆ ಇಟ್ಟರೆ ಚೆಕ್‌ಮೇಟ್.

ಈ ನಿಯಮ ಮೊದಲಿನಿಂದಲೂ ಹೀಗೇ ಇರಲಿಲ್ಲ. ಶ್ರೀರಂಗಪಟ್ಟಣದಲ್ಲಿ 1794ರಲ್ಲಿ ಹುಟ್ಟಿದ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ದೊಡ್ಡ ರಸಿಕರು. ಕುದುರೆ 64 ಮನೆಗಳಿಗೂ ಒಂದೊಂದೇ ಸಲ ಹೋಗಿ ಬರುವ ಚಮತ್ಕಾರಗಳನ್ನು ಹೆಣೆದವರು. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತನೆಯ ಭಾಗ ಕೌತುಕನಿಧಿಯಲ್ಲಿ ಆಟಗಳದ್ದೇ ಲೋಕವಿದೆ. ಅವರು ಹುಟ್ಟಿದ ಹೊತ್ತಿಗೆ ಇಂಗ್ಲೆಂಡಿನಲ್ಲಿ ಸ್ಟೇಲ್‌ಮೇಟ್ ಮಾಡಿದವನೇ ಸೋತಂತೆ ಎಂಬ ವಿಚಿತ್ರ ರೂಢಿಯಿತ್ತು. ಅಲ್ಲಿ ಡ್ರಾ ನಿಯಮ ನೆಲೆಯಾದದ್ದು 19ನೇ ಶತಮಾನದ ಆರಂಭದಲ್ಲಿ.

ಇದು ಹೊಸಬರಿಗಷ್ಟೇ ಆಗುವ ಎಡವಟ್ಟು ಎಂಬುದೂ ತಪ್ಪು ಕಲ್ಪನೆ. 1978ರ ವಿಶ್ವ ಚಾಂಪಿಯನ್‌ಷಿಪ್‌ನ ಐದನೇ ಆಟದಲ್ಲಿ ಕೊರ್ಚ್‌ನೋಯ್ 124ನೇ ನಡೆಯಲ್ಲಿ ಕಾರ್ಪೊವ್‌ಗೆ ಸ್ಟೇಲ್‌ಮೇಟ್ ಮಾಡಿದರು. ಸೋಲುತ್ತಿರುವವರಿಗಂತೂ ಇದು ಕೊನೆಯ ಆಸರೆ. ಆದ್ದರಿಂದ ಮಕ್ಕಳ ಟೂರ್ನಿಯಲ್ಲಿ ಒಂಟಿ ರಾಜ ಉಳಿದರೂ ಬೇಗ ಕೈಚೆಲ್ಲಬೇಡಿ ಎಂದು ಹೇಳಿಕೊಡುತ್ತಾರೆ. ಗೆಲ್ಲುವ ಕಡೆಯವರು, ಕಾಲಾಳು ಎಂಟನೇ ಮನೆ ಮುಟ್ಟಿದಾಗ ಮಂತ್ರಿ ಮಾಡಿದರೆ ಸ್ಟೇಲ್‌ಮೇಟ್ ಆಗುವಂತಿದ್ದರೆ, ಆನೆಯನ್ನು ಕೇಳಿ ಪಡೆಯಬಹುದು. ಆಪ್‌ನಲ್ಲಿ 'ಯಾವಾಗಲೂ ಮಂತ್ರಿ' ಎಂಬ ಸೆಟ್ಟಿಂಗ್ ಇದ್ದರೆ ಮೊದಲೇ ತೆಗೆದಿಡಿ.