ಸೂಲಗಿತ್ತಿಯ ಮಕ್ಕಳನ್ನು ಯಾರು ನೋಡಿಕೊಂಡರು?

'ಡೌಲಾ' ಅನ್ನೋ ಪದ ಈಗ ಮುಂಬೈ, ಪುಣೆ, ಬೆಂಗಳೂರಿನ ಗರ್ಭಿಣಿಯರ ಬಾಯಲ್ಲಿ ಆಗಾಗ ಕೇಳಿಬರುತ್ತದೆ. ಹೆರಿಗೆ ನೋವಿನ ಹೊತ್ತಿನಲ್ಲಿ ಪಕ್ಕದಲ್ಲೇ ಇದ್ದು ಕೈ ಹಿಡಿದುಕೊಳ್ಳುವ, ಸೊಂಟ ನೀವುವ, ಧೈರ್ಯ ಹೇಳುವ ಹೆಂಗಸು. ಆಕೆ ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಔಷಧ ಕೊಡುವುದು, ಹೆರಿಗೆ ಮಾಡಿಸುವುದು ಆಕೆಯ ಕೆಲಸವಲ್ಲ.

"ಅಯ್ಯೋ, ಇದಕ್ಕೂ ದುಡ್ಡು ಕೊಡಬೇಕಾ? ನಮ್ಮ ಅವ್ವ, ಚಿಕ್ಕವ್ವ ಮಾಡ್ತಿದ್ದದ್ದು ಇದನ್ನೇ ಅಲ್ವಾ?" ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ಆದರೆ ಬಿಕಾಂ ಓದಿ, ಮೂವತ್ತು ವರ್ಷ ಬ್ಯಾಂಕಿನಲ್ಲಿ ಜಮಾ-ಖರ್ಚು ನೋಡಿಕೊಂಡು ಬಂದ ನನ್ನ ತಲೆಯಲ್ಲಿ ಇನ್ನೊಂದು ಪ್ರಶ್ನೆ ಕೊರೆಯುತ್ತಿರುತ್ತದೆ. ಇನ್ನೊಬ್ಬರ ಹೆರಿಗೆಗೆ ಅಪರಾತ್ರಿಯಲ್ಲಿ ಓಡುವ ಹೆಂಗಸಿನ ಸ್ವಂತ ಮಕ್ಕಳು ಆಗ ಯಾರ ಹತ್ತಿರ ಇರುತ್ತಾರೆ? ಆ ಲೆಕ್ಕವನ್ನು ಯಾವ ಪುಸ್ತಕದಲ್ಲಿ ಬರೆಯುತ್ತಾರೆ?

ಡೌಲಾ ಪದ ಬಳಕೆಗೆ ಬಂದದ್ದು ಅಮೆರಿಕದಲ್ಲಿ. ಹಾಗಾಗಿ ಅಲ್ಲಿಂದಲೇ, ಆದರೆ ಆ ಪದಕ್ಕಿಂತ ಇನ್ನೂರು ವರ್ಷ ಹಿಂದಿನಿಂದ ಶುರು ಮಾಡೋಣ.

ಮಾರ್ಥಾ ಬಲ್ಲಾರ್ಡ್ ಅಂತ ಒಬ್ಬ ಸೂಲಗಿತ್ತಿ ಇದ್ದಳು (1735–1812). ಈಗ ಮೇನ್ ರಾಜ್ಯದಲ್ಲಿರುವ ಹ್ಯಾಲೊವೆಲ್ ಊರು, ಕೆನೆಬೆಕ್ ನದಿಯ ದಂಡೆ. 1785ರಿಂದ 1812ರವರೆಗೆ 27 ವರ್ಷ ಆಕೆ ದಿನಚರಿ ಬರೆದಳು. ಅದರಲ್ಲಿ 816 ಹೆರಿಗೆಗಳ ದಾಖಲೆ ಇದೆ. ಶುಲ್ಕ ಕೈಗೆ ಬಂದರೆ ಅಂಚಿನಲ್ಲಿ ಒಂದು ಗುರುತು... ಥೇಟ್ ನಮ್ಮ ಹಳೆಯ ಲೆಡ್ಜರಿನ ಹಾಗೆ! ಇತಿಹಾಸಕಾರ್ತಿ ಲಾರೆಲ್ ಥ್ಯಾಚರ್ ಉಲ್ರಿಚ್ ಈ ದಿನಚರಿಯನ್ನು ಆಧರಿಸಿ 1990ರಲ್ಲಿ ಬರೆದ ಪುಸ್ತಕಕ್ಕೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು.

ಮಾರ್ಥಾ 9 ಮಕ್ಕಳನ್ನು ಹೆತ್ತವಳು. 1769ರ ಗಂಟಲುಮಾರಿಯಲ್ಲಿ ಮೂರು ಹೆಣ್ಣುಮಕ್ಕಳನ್ನು ಕೆಲವೇ ದಿನಗಳ ಅಂತರದಲ್ಲಿ ಕಳೆದುಕೊಂಡಳು. ದಿನಚರಿ ಶುರುವಾದಾಗ ಆಕೆಗೆ 50ರ ಹತ್ತಿರ, ಕೊನೆಯ ಮಗನಿಗೆ ಇನ್ನೂ ಐದು ವರ್ಷ. ಆದರೂ ನದಿ ದಾಟಿ, ಹಿಮದಲ್ಲಿ ನಡೆದು ಹೆರಿಗೆಗಳಿಗೆ ಹೋಗಲು ಸಾಧ್ಯವಾದದ್ದು ಹೇಗೆ? ಮನೆಯಲ್ಲಿ ಬೆಳೆದ ಹೆಣ್ಣುಮಕ್ಕಳಿದ್ದರು. ಅಡುಗೆ, ಒಗೆತ, ನೇಯ್ಗೆ ಎಲ್ಲವನ್ನೂ ಅವರು ಹೊತ್ತುಕೊಂಡರು. 1790ರ ದಶಕದಲ್ಲಿ ಅವರು ಮದುವೆಯಾಗಿ ಹೋದ ಮೇಲೆ ದಿನಚರಿಯ ರಾಗವೇ ಬದಲಾಗುತ್ತದೆ. ಕೆಲಸದ ಹುಡುಗಿಯರು ಸಿಗುವುದಿಲ್ಲ, ಸಿಕ್ಕವರು ನಿಲ್ಲುವುದಿಲ್ಲ. ರಾತ್ರಿಯೆಲ್ಲ ಹೆರಿಗೆ ಮಾಡಿಸಿ ಬಂದವಳು ತಾನೇ ಬಟ್ಟೆ ಒಗೆಯಬೇಕು. ಅಂಚಿನ ಗುರುತುಗಳಲ್ಲಿ ಮಾರ್ಥಾಳ ದುಡಿಮೆ ಕಾಣುತ್ತದೆ. ಅದನ್ನು ಸಾಧ್ಯ ಮಾಡಿದ ಹೆಣ್ಣುಮಕ್ಕಳ ದುಡಿಮೆಗೆ ಅಂಥ ಗುರುತು ಇಲ್ಲ.

ಈಗ ನಮ್ಮ ಕಡೆ ಬರೋಣ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರು ನೀವೆಲ್ಲ ಕೇಳಿರುತ್ತೀರಿ. 12ನೇ ವಯಸ್ಸಿಗೆ ಮದುವೆ. ಅಜ್ಜಿ ಮರಿಗೆಮ್ಮನಿಂದ ಕಲಿತ ವಿದ್ಯೆ. 1940ರಲ್ಲಿ, ತಮ್ಮ 20ನೇ ವಯಸ್ಸಿನಲ್ಲಿ, ಮೊದಲ ಹೆರಿಗೆ ಮಾಡಿಸಿದರು. ಮುಂದಿನ ಏಳು ದಶಕಗಳಲ್ಲಿ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಲೆಕ್ಕ, ಅದೂ ಹಣ ತೆಗೆದುಕೊಳ್ಳದೆ. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು.

ಸನ್ಮಾನದ ಭಾಷಣಗಳಲ್ಲಿ 15 ಸಾವಿರದ ಅಂಕಿ ಬರುತ್ತದೆ. ನನ್ನ ಕಣ್ಣು ನಿಲ್ಲುವುದು ಇನ್ನೊಂದು ಅಂಕಿಯ ಮೇಲೆ. ನರಸಮ್ಮನವರು ತಾವೇ 12 ಮಕ್ಕಳನ್ನು ಹೆತ್ತರು, ನಾಲ್ಕನ್ನು ಕಳೆದುಕೊಂಡರು. ಅವುಗಳಲ್ಲಿ ಐದು ಹೆರಿಗೆಗೆ ಒದಗಿದವರು ಅದೇ ಅಜ್ಜಿ ಮರಿಗೆಮ್ಮ. ಕಸುಬು ಕಲಿಸಿದ ಕೈಯೇ ಕಸುಬಿನವಳ ಬಾಣಂತನಕ್ಕೂ ಒದಗಿತು. ಈ ಒಂದು ಸಂಗತಿಯಲ್ಲಿ ಎಷ್ಟು ಇತಿಹಾಸ ಇದೆ ನೋಡಿ.

ಹಾಗಂತ ಹಳೆಯ ಕಾಲವೇ ಚೆನ್ನಾಗಿತ್ತು ಅಂತ ಹೇಳೋಕೆ ನಾನು ತಯಾರಿಲ್ಲ. ನಮ್ಮ ದೇಶದಲ್ಲಿ ಆಸ್ಪತ್ರೆ ಹೆರಿಗೆಗಳು 2005-06ರಲ್ಲಿ ಶೇಕಡಾ 39ರಷ್ಟಿದ್ದದ್ದು 2019-21ರ ಹೊತ್ತಿಗೆ 89ರಷ್ಟಾಯಿತು. ಸುಮಾರು ಅದೇ ಅವಧಿಯಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಸಾವು 254ರಿಂದ 93ಕ್ಕೆ ಇಳಿಯಿತು. ಇದು ಸಣ್ಣ ಮಾತಲ್ಲ. ಆದರೆ ಆಸ್ಪತ್ರೆಯ ಬಾಗಿಲು ಒಂದು ಕೆಲಸ ಮಾಡಿತು. ತಾಯಿಯನ್ನು ಒಳಗೆ ತೆಗೆದುಕೊಂಡು, ಜೊತೆಗೆ ಬಂದವಳನ್ನು ಹೊರಗೆ ನಿಲ್ಲಿಸಿತು.

ಅಮೆರಿಕದಲ್ಲಿ ಇದು ಮೊದಲೇ ಆಗಿತ್ತು. 1900ರ ಸುಮಾರಿಗೆ ಅಲ್ಲಿ ನೂರಕ್ಕೆ ಐದು ಹೆರಿಗೆಗಳೂ ಆಸ್ಪತ್ರೆಯಲ್ಲಿ ಆಗುತ್ತಿರಲಿಲ್ಲ. ಶತಮಾನದ ನಡುವಿನ ಹೊತ್ತಿಗೆ ಬಹುಪಾಲು ಆಸ್ಪತ್ರೆಯಲ್ಲೇ. ಜೊತೆಗೆ ಕೂಡುಬಾಳ್ವೆಯೂ ಸಡಿಲವಾಗಿತ್ತು. 1973ರಲ್ಲಿ ಮಾನವಶಾಸ್ತ್ರಜ್ಞೆ ಡಾನಾ ರಾಫೇಲ್ ಎದೆಹಾಲಿನ ಬಗ್ಗೆ ಒಂದು ಪುಸ್ತಕ ಬರೆದರು. ಹೊಸ ತಾಯಿಗೆ ತಾಯಿಯಂತೆ ಒದಗುವ ಹೆಂಗಸು ಒಬ್ಬಳು ಬೇಕು ಎಂದು ಹೇಳಿ, ಆಕೆಯನ್ನು ಡೌಲಾ ಎಂದು ಕರೆದರು. ಗ್ರೀಕ್ ಮೂಲದ ಪದ. ಪ್ರಾಚೀನ ಗ್ರೀಕಿನಲ್ಲಿ ಅದರ ಅರ್ಥ ದಾಸಿ, ಅಂದರೆ ಸಂಬಳವಿಲ್ಲದ ಆಳು! ಹೆಸರಲ್ಲೇ ಬಿಟ್ಟಿ ಚಾಕರಿ.

1980ರಲ್ಲಿ ಡಾಕ್ಟರುಗಳಾದ ಮಾರ್ಷಲ್ ಕ್ಲಾಸ್, ಜಾನ್ ಕೆನೆಲ್ ಮತ್ತು ಸಂಗಡಿಗರು ಗ್ವಾಟೆಮಾಲದ ಆಸ್ಪತ್ರೆಯೊಂದರ ಅಧ್ಯಯನ ಪ್ರಕಟಿಸಿದರು. ಪರಿಚಯವಿಲ್ಲದ, ವೈದ್ಯಕೀಯ ತರಬೇತಿಯಿಲ್ಲದ ಹೆಂಗಸೊಬ್ಬಳು ಪಕ್ಕದಲ್ಲಿದ್ದಾಗ ದಾಖಲಾತಿಯಿಂದ ಹೆರಿಗೆಯವರೆಗೆ ಸರಾಸರಿ 8.8 ಗಂಟೆ ಹಿಡಿದರೆ, ಒಬ್ಬರೇ ಇದ್ದವರಿಗೆ 19.3 ಗಂಟೆ. 1991ರಲ್ಲಿ ಹ್ಯೂಸ್ಟನ್‌ನ ಅಧ್ಯಯನ ಬಂತು. ಜೊತೆಗಾತಿ ಇದ್ದವರಲ್ಲಿ ಸಿಸೇರಿಯನ್ ಶೇಕಡಾ 8, ಇಲ್ಲದವರಲ್ಲಿ 18. ಮರುವರ್ಷ, 1992ರಲ್ಲಿ, ಉತ್ತರ ಅಮೆರಿಕದ ಡೌಲಾಗಳ ಸಂಘ 'ಡೋನಾ' ಹುಟ್ಟಿತು. ತರಬೇತಿ, ಸರ್ಟಿಫಿಕೇಟು, ಶುಲ್ಕ ಎಲ್ಲ ಬಂತು. ದಾಸಿಯ ಕೆಲಸ ವೃತ್ತಿಯಾಯಿತು.

2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಪ್ರತಿ ತಾಯಿಗೆ ತಾನು ಬಯಸಿದ ಜೊತೆಗಾರರು ಇರಬೇಕೆಂದು ಶಿಫಾರಸು ಮಾಡಿತು. ನಮ್ಮ ಕೇಂದ್ರ ಸರ್ಕಾರ ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿದ್ದು 2016ರಲ್ಲಿ.

ಇಲ್ಲೇ ನನಗೆ ಕಾಣುವ ಗಂಟು ಇರುವುದು. ಡೌಲಾ ಯಾಕೆ ಬೇಕಾದಳು? ಮನೆಯಲ್ಲಿ ಅಜ್ಜಿ, ಅತ್ತೆ, ಅತ್ತಿಗೆ ಇಲ್ಲವಾದದ್ದಕ್ಕೆ. ಅದೇ ಅಜ್ಜಿ, ಅದೇ ಅತ್ತಿಗೆ ಡೌಲಾಳ ಮನೆಯಲ್ಲೂ ಇಲ್ಲ! ಯಾವ ಕೊರತೆ ಈ ಕಸುಬನ್ನು ಹುಟ್ಟಿಸಿತೋ ಅದೇ ಕೊರತೆ ಕಸುಬಿಗೆ ಇಳಿಯುವ ತಾಯಿಯ ಕಾಲಿಗೆ ತೊಡರುತ್ತದೆ. ಮಾರ್ಥಾಳಿಗೆ ಹೆಣ್ಣುಮಕ್ಕಳಿದ್ದರು. ನರಸಮ್ಮನವರಿಗೆ ಅಜ್ಜಿ ಇದ್ದರು. ಫ್ಲ್ಯಾಟಿನಲ್ಲಿರುವ ಹುಡುಗಿಗೆ?

ಊರು ಬಿಟ್ಟು ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನನ್ನ ಎರಡನೇ ಮಗು ಹುಟ್ಟಿದ್ದು ಡೊಂಬಿವಲಿಯಲ್ಲಿ. ಅವ್ವ ಗದಗಿನಿಂದ ಅಂಟಿನುಂಡೆ ಡಬ್ಬಿ ಕಟ್ಟಿಕೊಂಡು ಬಂದು ಮೂರು ತಿಂಗಳು ಇದ್ದಳು. ನಾನು ಮತ್ತೆ ಕೆಲಸಕ್ಕೆ ಹೋಗಿದ್ದು ಆ ಮೂರು ತಿಂಗಳ ಬಲದ ಮೇಲೆ. ಅಲ್ಲಿ ಗದಗಿನ ಮನೆಯ ಒಲೆಯನ್ನು ಅಷ್ಟು ದಿನ ನಮ್ಮ ವೈನಿ ನೋಡಿಕೊಂಡರು. ಒಬ್ಬಳು ಹೊರಟರೆ ಹಿಂದೆ ಇನ್ನೊಬ್ಬಳು ನಿಲ್ಲಬೇಕು. ಈ ಸರಪಳಿಗೆ ಕೊನೆಯೇ ಇಲ್ಲ.

ಈಚೆಗೆ ನಮ್ಮ ಕಟ್ಟಡದ ಮೂರನೇ ಮಹಡಿಯ ಹುಡುಗಿ ಡೌಲಾ ತರಬೇತಿ ಮುಗಿಸಿದಳು. ಐದು ವರ್ಷದ ಮಗಳು, ಎರಡು ವರ್ಷದ ಮಗ. ಖರ್ಚಿನ ಪಟ್ಟಿ ಹಿಡಿದುಕೊಂಡು ಬಂದು, "ಆಂಟಿ, ಫೀಸು ಹೊಂದಿಸಿದ್ದಾಯ್ತು. ರಾತ್ರಿ ಎರಡಕ್ಕೆ ಫೋನ್ ಬಂದ್ರೆ ಮಕ್ಕಳನ್ನ ಯಾರ ಹತ್ರ ಬಿಡ್ಲಿ?" ಅಂದಳು. ಪಟ್ಟಿಯಲ್ಲಿ ಕೋರ್ಸು, ಓಡಾಟ, ಫೋನು ಎಲ್ಲ ಇತ್ತು, ಆ ಬಾಬತ್ತು ಒಂದೇ ಇರಲಿಲ್ಲ. ಕೂತು ಬರೆದೆವು. ಪಕ್ಕದ ವಿಂಗಿನ ಅಜ್ಜಿಯೊಬ್ಬರಿಗೆ ತಿಂಗಳಿಗೆ ಇಂತಿಷ್ಟು, ಕರೆ ಬಂದರೂ ಬಾರದಿದ್ದರೂ. ಇನ್ನೊಬ್ಬ ಡೌಲಾಳ ಜೊತೆ ಜೋಡಿ, ಒಬ್ಬಳಿಗೆ ಆಗದಿದ್ದರೆ ಇನ್ನೊಬ್ಬಳು. ಮೊದಲ ವರ್ಷ ಹಗಲಿನ ಬಾಣಂತಿ ಭೇಟಿಗಳೇ ಹೆಚ್ಚು, ರಾತ್ರಿಯ ಹೆರಿಗೆ ತಿಂಗಳಿಗೆ ಒಂದೇ. ಇಷ್ಟನ್ನೂ ಸೇರಿಸಿ ಶುಲ್ಕ ಕಟ್ಟಿದಾಗ ಅದು ಮೊದಲು ಅಂದುಕೊಂಡದ್ದಕ್ಕಿಂತ ಜಾಸ್ತಿ ಬಂತು. ಬರಲಿ. ಅದೇ ನಿಜವಾದ ಬೆಲೆ.

2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ 26 ವಾರ ರಜೆ ಕೊಟ್ಟಿತು, 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೊಠಡಿ ಕಡ್ಡಾಯ ಮಾಡಿತು. ನಮ್ಮಂಥ ನೌಕರಿಯವರಿಗೆ ಅದು ದೊಡ್ಡ ಆಸರೆ. ಒಬ್ಬಳೇ ದುಡಿಯುವ ಡೌಲಾಳಿಗೆ ಅಂಥ ಕೊಠಡಿ ಕಟ್ಟಿಕೊಡುವವರು ಯಾರೂ ಇಲ್ಲ. ಆಕೆ ಅದನ್ನು ತನ್ನ ಶುಲ್ಕದಲ್ಲೇ ಕಟ್ಟಿಕೊಳ್ಳಬೇಕು. ಹೀಗಾಗಿ ಯಾರಾದರೂ ಡೌಲಾ ಶುಲ್ಕ ಹೇಳಿದಾಗ "ಕೈ ಹಿಡಿದುಕೊಳ್ಳೋಕೆ ಇಷ್ಟಾ?" ಅನ್ನುವ ಮೊದಲು ಒಂದು ಕ್ಷಣ ಯೋಚಿಸಿ. ಆ ದುಡ್ಡಿನಲ್ಲಿ ಇನ್ನೊಂದು ಮನೆಯಲ್ಲಿ ನಿದ್ದೆಗಣ್ಣಿನ ಮಗುವನ್ನು ಎತ್ತಿಕೊಂಡವಳ ಪಾಲೂ ಇದೆ.

ನಿಮ್ಮ ಮನೆತನದಲ್ಲೋ ಊರಿನಲ್ಲೋ ಒಬ್ಬ ಸೂಲಗಿತ್ತಿ ಇದ್ದೇ ಇರುತ್ತಾಳೆ. ಆಕೆಯ ಹೆಸರು ನೆನಪಿರಬಹುದು. ಆಕೆ ಕಂದೀಲು ಹಿಡಿದು ಹೊರಟಾಗ ಆಕೆಯ ಕೂಸುಗಳನ್ನು ಮಡಿಲಿಗೆ ಹಾಕಿಕೊಂಡವರ ಹೆಸರು? ಹಿರಿಯರು ಇರುವಾಗಲೇ ಕೇಳಿ, ಎಲ್ಲಾದರೂ ಬರೆದಿಡಿ.