ಮುಚ್ಚಳದೊಳಗಿನ ಗಂಧ

ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಡಬ್ಬಿ, ಮೇಲೊಂದು ಮುಚ್ಚಳ. ಜಪಾನಿನ ಚಹಾಕೂಟದಲ್ಲಿ ಧೂಪ ಇಡುವ ಈ ಡಬ್ಬಿಗೆ ‘ಕೋಗೋ’ ಎನ್ನುತ್ತಾರೆ. ಆತಿಥೇಯ ಒಲೆಗೆ ಇದ್ದಿಲು ಜೋಡಿಸಿ, ಇದರಿಂದ ಧೂಪ ತೆಗೆದು ಕೆಂಡದ ಬಳಿ ಇಡುತ್ತಾನೆ. ಆಮೇಲೆ ಅತಿಥಿಗಳು ಡಬ್ಬಿಯನ್ನು ಕೇಳಿ ಪಡೆದು, ತಿರುಗಿಸಿ ನೋಡಿ ಮೆಚ್ಚುತ್ತಾರೆ.

ನವೆಂಬರಿನಿಂದ ಏಪ್ರಿಲ್‌ವರೆಗೆ ನೆಲದಲ್ಲಿ ತೋಡಿದ ಒಲೆ. ಆಗ ಕಲಸಿ ಉಂಡೆ ಕಟ್ಟಿದ ಧೂಪ, ಅದಕ್ಕೆ ಪಿಂಗಾಣಿ ಇಲ್ಲವೇ ಸುಟ್ಟ ಮಣ್ಣಿನ ಕೋಗೋ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮರದ ಅಥವಾ ಲ್ಯಾಕರ್ ಬಳಿದ ಕೋಗೋ, ಒಳಗೆ ಶ್ರೀಗಂಧದ ಚೂರುಗಳು. ಆ ಗಂಧ ಹೊರದೇಶದಿಂದ ಹಡಗಿನಲ್ಲಿ ಬರಬೇಕಿತ್ತು. ನಮ್ಮ ಮೈಸೂರು ಸೀಮೆಯ ಗಂಧಕ್ಕೆ ಅಲ್ಲಿನ ಧೂಪ ವ್ಯಾಪಾರದಲ್ಲಿ ಇಂದಿಗೂ ದೊಡ್ಡ ಮನ್ನಣೆ.

1855ರಲ್ಲಿ ಯಾರೋ ರಸಿಕರು ಕೋಗೋಗಳನ್ನು ಸುಮೋ ಪೈಲ್ವಾನರಂತೆ ಪೂರ್ವ, ಪಶ್ಚಿಮ ಎಂದು ಬಣ ಮಾಡಿ, ಸ್ಥಾನ ಕೊಟ್ಟು ಪಟ್ಟಿ ಅಚ್ಚುಹಾಕಿದರು. ಪೂರ್ವ ಬಣದ ತುದಿಯ ಸ್ಥಾನ ಸಿಕ್ಕಿದ್ದು ‘ಕೋಚಿ’ ಬಗೆಯ ಆಮೆಗೆ. ಇದು ಕೇರಳದ ಕೊಚ್ಚಿಯಲ್ಲ. ವಿಯೆಟ್ನಾಂ ಕಡೆಯ ವ್ಯಾಪಾರದಿಂದ ಅಂಟಿಕೊಂಡ ಹೆಸರು. ಡಬ್ಬಿ ತಯಾರಾದದ್ದು ದಕ್ಷಿಣ ಚೀನಾದಲ್ಲಿ.

1868ರ ರಾಜಕೀಯ ಪಲ್ಲಟದ ನಂತರ ಜಪಾನಿನ ಹಳೆಯ ಮನೆತನಗಳ ಸೊತ್ತು ಮಾರುಕಟ್ಟೆಗೆ ಬಂತು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸನ್ನು ಮುನ್ನಡೆಸಿದ ಪ್ರಧಾನಿ ಜಾರ್ಜ್ ಕ್ಲೆಮೆನ್ಸೊ ಪ್ಯಾರಿಸ್ಸಿನಲ್ಲಿದ್ದುಕೊಂಡೇ ಸುಮಾರು 3,000 ಕೋಗೋ ಕೂಡಿಹಾಕಿದ. ಅವು ಕೈಬದಲಾಗಿ, 1960ರಲ್ಲಿ ಕೆನಡಾದ ಮಾಂಟ್ರಿಯಲ್ ಲಲಿತಕಲಾ ಸಂಗ್ರಹಾಲಯಕ್ಕೆ ದಾನವಾಗಿ ಸೇರಿದವು.

ಬಳಸುವ ವಸ್ತುವನ್ನು ಸಂಗ್ರಹಕಾರ ಕೊಂದುಬಿಟ್ಟ ಎಂದು ಮೊದಲು ನನಗೆ ಅನ್ನಿಸಿತ್ತು. ಆದರೆ ಬರೀ ನೋಡುವ ಪದ್ಧತಿ ಜಪಾನಿನಲ್ಲೂ ಇದೆ. ಹೊತ್ತು ಸಾಲದೆ ಇದ್ದಿಲಿನ ಶಾಸ್ತ್ರ ಬಿಟ್ಟ ದಿನ, ಕೋಗೋವನ್ನು ಮಡಿಸಿದ ಕಾಗದದ ಮೇಲೆ ಅಲಂಕಾರದ ಗೂಡಿನಲ್ಲಿ ಇಡುತ್ತಾರೆ. ವ್ಯತ್ಯಾಸ ಇಷ್ಟೇ: ಅಲ್ಲಿ ಆ ದಿನಕ್ಕೆ, ಆ ಅತಿಥಿಗಾಗಿ ಆರಿಸಿದ ಒಂದೇ ಡಬ್ಬಿ. ನಾಳೆ ಅದರ ಮುಚ್ಚಳ ಮತ್ತೆ ತೆರೆಯುತ್ತದೆ.

ನಮ್ಮ ಪುಣೆಯ ಮನೆಯ ಶೋಕೇಸಿನಲ್ಲಿ ಅಜ್ಜಿಯ ಕುಂಕುಮದ ಭರಣಿ ಇದೆ. ಬಂದವರೆಲ್ಲ ಮೆಚ್ಚುತ್ತಾರೆ. ಊರಿನಲ್ಲಿ ಬಂದ ಹೆಣ್ಣುಮಕ್ಕಳಿಗೆಲ್ಲ ಅಜ್ಜಿ ಅದನ್ನೇ ಮುಂದೆ ಹಿಡಿಯುತ್ತಿದ್ದರು. ಇಲ್ಲಿ ನಾನು ಧೂಳು ಒರೆಸುತ್ತೇನೆ, ಅಷ್ಟೆ. ಮೊನ್ನೆ ಮುಚ್ಚಳ ತೆಗೆದು ನೋಡಿದೆ: ತಳದಲ್ಲಿ ಇನ್ನೂ ಕೆಂಪು ಉಳಿದಿತ್ತು. ಶುಕ್ರವಾರದೊಳಗೆ ಕುಂಕುಮ ತಂದು ತುಂಬಬೇಕು.